ಆಡಬಲ್ಲವರೆಲ್ಲ ಆಡಿಸಬಲ್ಲರೇ?

ಮಾರ್ಚ್ ಮುಗಿಯುತ್ತಿದ್ದಂತೆ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಪೋಸ್ಟರುಗಳು ಓಡಾಡತೊಡಗುತ್ತವೆ. ಒಂದು ಆ ವರ್ಷದ ಕೊಡವ ಕೌಟುಂಬಿಕ ಹಾಕಿ ಉತ್ಸವದ್ದು, ಇನ್ನೊಂದು ಮಕ್ಕಳ ಬೇಸಿಗೆ ಹಾಕಿ ಶಿಬಿರಗಳದ್ದು. ಶಿಬಿರದ ಪೋಸ್ಟರಿನಲ್ಲಿ ಶುಲ್ಕ, ಸಮಯ, ಮೈದಾನ, ಕೊನೆಗೆ ಮೊಟ್ಟೆ ಬಾಳೆಹಣ್ಣು ಕೊಡುತ್ತಾರೆಂಬ ವಿವರವೂ ಇರುತ್ತದೆ. ತರಬೇತಿ ಕೊಡುವವರು ಹಿಂದೆ ಯಾವ ತಂಡಕ್ಕೆ ಆಡಿದ್ದರು ಎಂಬುದನ್ನು ದಪ್ಪ ಅಕ್ಷರಗಳಲ್ಲಿ ಹಾಕಿರುತ್ತಾರೆ. ಮಕ್ಕಳಿಗೆ ಕಲಿಸುವುದನ್ನು ಅವರು ಎಲ್ಲಿ ಕಲಿತರು ಎಂಬುದು ಮಾತ್ರ ಇರುವುದಿಲ್ಲ, ನಾವು ಕೇಳುವುದೂ ಇಲ್ಲ.

ಇದನ್ನು ಬರೆಯುತ್ತಿರುವ ನಾನೂ ಒಂಬತ್ತು ಬೇಸಿಗೆ ಅಂಥದ್ದೇ ಶಿಬಿರವೊಂದರಲ್ಲಿ ಕೋಚ್ ಆಗಿದ್ದವನು. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ್ದೆ ಎಂಬುದೊಂದೇ ನನಗಿದ್ದ ಅರ್ಹತೆ. ಒಂದು ವರ್ಷ ಹದಿಮೂರರ ಹುಡುಗನೊಬ್ಬ ಮಂಡಿ ನೋಯುತ್ತಿದೆ ಎಂದು ಬಂದ. ನೆಪ ಹೇಳುತ್ತಿದ್ದಾನೆ ಎಂದುಕೊಂಡು ಅವನನ್ನು ಮೈದಾನದ ಸುತ್ತ ಇನ್ನೆರಡು ಸುತ್ತು ಹೆಚ್ಚಿಗೆ ಓಡಿಸಿದೆ, ಏಕೆಂದರೆ ನಮ್ಮನ್ನು ಬೆಳೆಸಿದವರು ನಮ್ಮನ್ನೂ ಹಾಗೆಯೇ ಓಡಿಸಿದ್ದರು. ಶಿಬಿರ ಮುಗಿಯುವ ಹೊತ್ತಿಗೆ ಅವನಿಗೆ ಮೆಟ್ಟಿಲು ಇಳಿಯುವುದೇ ಕಷ್ಟವಾಗಿತ್ತು. ಮೈಸೂರಿನ ಮೂಳೆ ವೈದ್ಯರು ಅದಕ್ಕೆ ಆಸ್‌ಗುಡ್ ಶ್ಲಾಟರ್ ಎಂಬ ಹೆಸರು ಹೇಳಿದರಂತೆ. ಮಕ್ಕಳು ಸರ್ರನೆ ಎತ್ತರವಾಗುವ ವಯಸ್ಸಿನಲ್ಲಿ, ತೊಡೆಯ ಸ್ನಾಯುವನ್ನು ಎಲುಬಿಗೆ ಬಿಗಿಯುವ ಕಂಡರವು ಮೊಣಕಾಲಿನ ಕೆಳಗೆ ಇನ್ನೂ ಗಟ್ಟಿಯಾಗದ ಎಲುಬಿನ ಭಾಗವನ್ನು ಮತ್ತೆ ಮತ್ತೆ ಎಳೆದು, ಅಲ್ಲಿ ಊತವೂ ಗಂಟೂ ಬರುತ್ತದೆ. ಓಟವನ್ನೂ ಜಿಗಿತವನ್ನೂ ತಗ್ಗಿಸಿದರೆ ಬಹುಪಾಲು ಮಕ್ಕಳಲ್ಲಿ ತಾನಾಗಿ ಶಮನವಾಗುತ್ತದೆ. ಆಟವಾಡುವ ಮಕ್ಕಳ ಮಂಡಿನೋವಿಗೆ ಅತಿ ಸಾಮಾನ್ಯವಾದ ಕಾರಣಗಳಲ್ಲಿ ಇದೂ ಒಂದು. ನನಗೆ ಅದರ ಹೆಸರೂ ಗೊತ್ತಿರಲಿಲ್ಲ.

ಹದಿಹರೆಯದವರನ್ನು ಆಡಿಸುವವರಿಗೆ ಪ್ರಮಾಣಪತ್ರ ಕಡ್ಡಾಯವಾಗಬೇಕು ಎಂದು ನಾನು ವಾದಿಸುವುದು ಈ ಕಾರಣಕ್ಕೆ. ಪ್ರಮಾಣಪತ್ರವಿದ್ದವರೆಲ್ಲ ಒಳ್ಳೆಯ ಕೋಚ್ ಆಗುತ್ತಾರೆ ಎಂಬ ಭ್ರಮೆ ನನಗಿಲ್ಲ. ಕಾಗದವನ್ನು ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿ, ಮೈದಾನದಲ್ಲಿ ಮೊಬೈಲು ನೋಡುತ್ತ ನಿಲ್ಲುವವರನ್ನೂ ಕಂಡಿದ್ದೇನೆ. ಆದರೆ ತಲೆಗೆ ಚೆಂಡು ಬಡಿದು ಮಂಕಾದ ಮಗುವನ್ನು, ಅದು ಎಷ್ಟೇ ಹಟ ಮಾಡಲಿ, ಅದೇ ದಿನ ಮತ್ತೆ ಆಟಕ್ಕೆ ಇಳಿಸಬಾರದು ಎಂಬಂಥ ವಿಷಯಗಳು ಅನುಭವದಿಂದ ತಿಳಿಯಲಿ ಎಂದು ಕಾಯಬಾರದು. ಅಂಥ ಅನುಭವದ ಬೆಲೆ ತೆರುವುದು ಯಾರದೋ ಮನೆಯ ಮಗು.

ನಮ್ಮ ಜಿಲ್ಲೆಯಲ್ಲಿ ಈ ಮಾತು ಹೇಳುವುದು ಸುಲಭವಲ್ಲ. 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್, 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ, ಭಾರತ ತಂಡಕ್ಕೆ ಆಡಿದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಇವರೆಲ್ಲ ನಮ್ಮವರೇ ಆಗಿರುವಾಗ, 1997ರಲ್ಲಿ ಕರಡ ಗ್ರಾಮದಲ್ಲಿ ಅರವತ್ತು ಕುಟುಂಬಗಳ ತಂಡಗಳಿಂದ ಶುರುವಾದ ಉತ್ಸವ ಇಂದು ಮುನ್ನೂರರಾಚೆ ಬೆಳೆದಿರುವಾಗ, ನಮಗೆ ಹಾಕಿ ಕಲಿಸಲು ಕಾಗದ ಬೇಕೇ ಎಂದು ಹಿರಿಯರು ನಗುತ್ತಾರೆ. ಸೇನೆಯಿಂದ ನಿವೃತ್ತರಾಗಿ ಬಂದು, ಒಂದು ರೂಪಾಯಿಯನ್ನೂ ಮುಟ್ಟದೆ, ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ನಿಲ್ಲುವ ಹಿರಿಯರ ಮುಂದೆ ಈ ಪ್ರಶ್ನೆ ಎತ್ತುವಾಗ ನನಗೂ ನಾಲಿಗೆ ತಡವರಿಸುತ್ತದೆ. ಆದರೂ, ಸ್ಟಿಕ್ಕಿನ ವಿದ್ಯೆ ಬೇರೆ, ಬೆಳೆಯುವ ಮೈಯ ವಿದ್ಯೆ ಬೇರೆ. ಮೈ ಬಗ್ಗಿಸಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್ ಅದ್ಭುತವಾಗಿ ಹೊಡೆಯುತ್ತಿದ್ದವರಿಗೆ, ಅದನ್ನು ಹದಿನಾಲ್ಕರ ಹುಡುಗನಿಂದ ದಿನಕ್ಕೆ ಎಷ್ಟು ಸಲ ಮಾಡಿಸಿದರೆ ಅವನ ಸೊಂಟ ತಡೆದೀತು ಎಂಬುದು ತಿಳಿದಿರಬೇಕೆಂದಿಲ್ಲ. ಬಾಲಕ ವೇಗದ ಬೌಲರುಗಳು ದಿನಕ್ಕೆ ಎಷ್ಟು ಓವರು ಹಾಕಬಹುದೆಂದು ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ವಯಸ್ಸಿಗೆ ತಕ್ಕಂತೆ ಮಿತಿ ಗೊತ್ತುಮಾಡಿರುವುದು ಬೆನ್ನೆಲುಬಿನ ಇಂಥ ಚಿಂತೆಯಿಂದಲೇ.

ಇನ್ನೊಂದು ವಿಷಯವನ್ನು ನಾವು ಮನೆಯೊಳಗೂ ಮೆಲುದನಿಯಲ್ಲಿ ಆಡುತ್ತೇವೆ. ಹೊರಊರಿನ ಪಂದ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಯಾರು, ರಾತ್ರಿ ಅವರು ತಂಗುವ ಕೋಣೆಗೆ ಯಾರಿಗೆ ಪ್ರವೇಶ, ಹುಡುಗಿಯರ ತಂಡದ ಜೊತೆಗೆ ಹೆಂಗಸರೊಬ್ಬರು ಇರುತ್ತಾರೆಯೇ ಎಂಬುದನ್ನು ಕೇಳಿದರೆ ಕೋಚ್‌ಗೆ ಅವಮಾನವಾದೀತು ಎಂದು ಹೆದರುತ್ತೇವೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೂ ಶಿಕ್ಷಾರ್ಹ. ನನ್ನ ಒಂಬತ್ತು ವರ್ಷಗಳಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಕೋರ್ಸುಗಳೇ ಇಲ್ಲವೆಂದಲ್ಲ. ಪಟಿಯಾಲದಲ್ಲಿ 1961ರಿಂದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಿದೆ, ಅಲ್ಲಿನ ಡಿಪ್ಲೊಮಾ ಪಡೆದವರನ್ನು ನಾವು ‘ಎನ್‌ಐಎಸ್ ಕೋಚ್’ ಎಂದೇ ಗೌರವದಿಂದ ಕರೆಯುತ್ತೇವೆ. ದೇಶದ ಹಾಕಿ ಆಡಳಿತ ಸಂಸ್ಥೆಯಾದ ಹಾಕಿ ಇಂಡಿಯಾವೂ ಬೇಸಿಕ್, ಲೆವೆಲ್ ಒಂದು ಎಂದು ಹಂತ ಹಂತದ ಕೋರ್ಸುಗಳನ್ನು ನಡೆಸುತ್ತದೆ. ಆದರೆ ರೈಲು ನಿಲ್ದಾಣವೇ ಇಲ್ಲದ ಜಿಲ್ಲೆಯಿಂದ, ತೋಟವನ್ನೋ ಶಾಲೆಯ ಕೆಲಸವನ್ನೋ ಬಿಟ್ಟು ತಿಂಗಳುಗಟ್ಟಲೆ ಪಂಜಾಬಿನಲ್ಲಿ ಕೂರಲು ಎಷ್ಟು ಜನರಿಂದಾದೀತು? ರಾಷ್ಟ್ರಮಟ್ಟದ ತಂಡ ಕಟ್ಟುವವರಿಗೆ ಅಷ್ಟು ಓದು ಬೇಕು. ಹತ್ತು ವರ್ಷದ ಮಕ್ಕಳ ಕೈಗೆ ಮೊದಲ ಸಲ ಸ್ಟಿಕ್ ಕೊಡುವವರಿಗೆ ಬೇಕಾದದ್ದು ಹತ್ತು ಹನ್ನೆರಡು ದಿನಗಳ, ಕನ್ನಡದಲ್ಲಿ ನಡೆಯುವ ತರಬೇತಿ: ಪ್ರಥಮ ಚಿಕಿತ್ಸೆ, ಬೆಳೆಯುವ ವಯಸ್ಸಿನ ದೇಹ, ಮಕ್ಕಳ ಸುರಕ್ಷತೆಯ ಕಾನೂನು, ಜೊತೆಗೆ ಬೈಯದೆ ತಿದ್ದುವ ಕ್ರಮ.

ಅದಕ್ಕೆ ಕಾಲವೂ ನಮ್ಮಲ್ಲೇ ಇದೆ. ಜೂನ್‌ನಿಂದ ಮಣ್ಣಿನ ಮೈದಾನಗಳು ನೀರು ನಿಂತು ಆಟಕ್ಕೆ ಸಿಗುವುದಿಲ್ಲ, ತೋಟದಲ್ಲಿ ಕಾಫಿ ಕೊಯ್ಲಿನ ಗಡಿಬಿಡಿಯೂ ಇರುವುದಿಲ್ಲ. ಆ ದಿನಗಳಲ್ಲಿ ಪೊನ್ನಂಪೇಟೆಯಲ್ಲೋ ಕೂಡಿಗೆಯಲ್ಲೋ ಕ್ರೀಡಾ ಇಲಾಖೆ ಒಂದು ಸಭಾಂಗಣ ಕೊಟ್ಟು, ಒಬ್ಬ ಮೂಳೆ ವೈದ್ಯರನ್ನೂ ಒಬ್ಬ ವಕೀಲರನ್ನೂ ಕರೆಸಿದರೆ ಕೆಲಸ ಆರಂಭವಾಗುತ್ತದೆ. ಹಿರಿಯ ಆಟಗಾರರಿಂದ ಬರವಣಿಗೆಯ ಪರೀಕ್ಷೆ ಬೇಡ, ಮೈದಾನದಲ್ಲಿ ಮಾಡಿ ತೋರಿಸಲಿ. ಮೂರು ವರ್ಷಕ್ಕೊಮ್ಮೆ ನವೀಕರಣವಿರಲಿ, ಪೊಲೀಸ್ ಪರಿಶೀಲನೆ ಅದರ ಭಾಗವೇ ಆಗಿರಲಿ, ಖರ್ಚು ಕೋಚ್‌ನ ತಲೆಗೆ ಬರದಿರಲಿ. ಪಂದ್ಯಾವಳಿಯ ಜೆರ್ಸಿಗಳಿಗೆ ಪ್ರಾಯೋಜಕರು ಸಿಗುವ ನಾಡಿನಲ್ಲಿ ಇದಕ್ಕೂ ಸಿಕ್ಕಾರು.

ಆ ಹುಡುಗನೀಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ಉತ್ಸವದಲ್ಲಿ ತನ್ನ ಒಕ್ಕದ, ಅಂದರೆ ಮನೆತನದ, ತಂಡಕ್ಕೆ ಫುಲ್‌ಬ್ಯಾಕ್ ಆಡುತ್ತಾನೆ. ನನ್ನನ್ನು ಕಂಡರೆ ಈಗಲೂ ‘ಸರ್’ ಎನ್ನುತ್ತಾನೆ. ಮೊಣಕಾಲಿನ ಕೆಳಗಿನ ಗಂಟು ಹಾಗೆಯೇ ಉಳಿದಿದೆ. ಕಳೆದ ಸಲ ಸಿಕ್ಕಾಗ, ಮಂಡಿಯೂರಿ ಕೂರುವಾಗ ಮಾತ್ರ ಸ್ವಲ್ಪ ಒತ್ತುತ್ತದೆ ಎಂದ.