ಮೃದಂಗ ಯಾರದು ಸ್ವಾಮಿ?

ಆ ವಾಟ್ಸಾಪ್ ಫಾರ್ವರ್ಡ್ ನಿಮಗೂ ಬಂದಿರುತ್ತೆ. 'ಅತ್ಯಪರೂಪದ ಧ್ವನಿಮುದ್ರಿಕೆ, 432 ಹರ್ಟ್ಸ್‌ನಲ್ಲಿ. ಕಣ್ಮುಚ್ಚಿ ಕೇಳಿ, ಬಿಪಿ ಇಳಿಯುತ್ತೆ. ಹನ್ನೊಂದು ಜನಕ್ಕೆ ಕಳಿಸಿ.' ಕೆಳಗೆ ದೀಪ, ತಾವರೆ, ಕೈಮುಗಿದ ಗುರುತು. ಒತ್ತಿದರೆ ತೋಡಿ ರಾಗ. ಹಾಡಿದವರು ಯಾರು? ಫೈಲಿನ ಹೆಸರು ನೋಡಿ: ಎಯುಡಿ, ಒಂದು ತಾರೀಖು, ಡಬ್ಲ್ಯೂಎ 0007. ಜೀವಮಾನವಿಡೀ ಸಾಧನೆ ಮಾಡಿದ ವಿದ್ವಾಂಸರಿಗೆ ಕಟ್ಟಕಡೆಗೆ ಸಿಕ್ಕ ಬಿರುದು, ಗೂಢಚಾರನ ನಂಬರು.

ಮೊದಲು 432ರ ಮಹಿಮೆ. ಪಾಶ್ಚಾತ್ಯ ವಾದ್ಯಗಳ 'ಎ' ಸ್ವರವನ್ನು 440 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 440 ಕಂಪನಕ್ಕೆ, ಕೂಡಿಸುವುದು ರೂಢಿ. ಅದನ್ನು 432ಕ್ಕೆ ಇಳಿಸಿದರೆ ಬ್ರಹ್ಮಾಂಡದ ಜೊತೆ ಶ್ರುತಿ ಸೇರುತ್ತಂತೆ. ಸೇರಲಿ, ಪಾಪ, ಬ್ರಹ್ಮಾಂಡಕ್ಕೂ ಜೊತೆಗೊಬ್ಬರು ಬೇಕಲ್ಲ. ಆದರೆ ನಮ್ಮಲ್ಲಿ ಷಡ್ಜ, ಅಂದರೆ ಆಧಾರದ 'ಸ', ನಿಲ್ಲುವುದು ಹಾಡುವವರ ಗಂಟಲು ಹೇಳಿದ ಕಡೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಒಬ್ಬರದು ಬಿಳಿ ಒಂದು, ಇನ್ನೊಬ್ಬರದು ಕಪ್ಪು ಎರಡು. ಇಲ್ಲಿ ಯಾವ 440 ಇಳಿಸಿದಿರಿ? ಮಾಡಿದ್ದಿಷ್ಟೇ: ಶೇ 1.8ರಷ್ಟು ನಿಧಾನವಾಗಿ ಓಡಿಸಿದ್ದು. ಒಂದು ಗಂಟೆಯ ಕಛೇರಿ ಈಗ ಒಂದು ಗಂಟೆ, ಒಂದು ನಿಮಿಷ, ಏಳು ಸೆಕೆಂಡು. ಮಾತ್ರೆ ಬಿಡುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ.

ಇನ್ನು ಹಳೆಯ ಗ್ರಾಮಫೋನ್ ಪ್ಲೇಟುಗಳು. 78ರ ಪ್ಲೇಟು ಅಂತ ಕರೆದ ಮಾತ್ರಕ್ಕೆ ಎಲ್ಲವನ್ನೂ ನಿಮಿಷಕ್ಕೆ 78 ಸುತ್ತಿನ ವೇಗದಲ್ಲೇ ಕೊರೆದಿರಲಿಲ್ಲ. 74ರಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಮ್ಮಿ ಒಂದು ಮನೆ ಮೇಲೇರುತ್ತದೆ. ಬಿಳಿ ಒಂದು ಹೋಗಿ ಕಪ್ಪು ಒಂದಾಗುತ್ತದೆ, ಗಂಡುದನಿ ಪೀಚಲಾಗುತ್ತದೆ, ಸ್ವರದ ಬಳುಕು, ಅಂದರೆ ಗಮಕವೆಲ್ಲ ನಡುಕ ಹತ್ತಿದಂತೆ ಕೇಳುತ್ತದೆ. ಅದರ ಮೇಲೆ 432ರ ಗುಂಡಿ ಒತ್ತಿದರೆ ಏರಿದ್ದರಲ್ಲಿ ಮೂರನೇ ಒಂದು ಪಾಲು ಇಳಿಯುತ್ತೆ. ಬ್ರಹ್ಮಾಂಡಕ್ಕೆ ಇನ್ನೆರಡು ಪಾಲು ಬಾಕಿ.

ಆಮೇಲೆ 'ಶುದ್ಧೀಕರಣ'. ಗದ್ದಲ ತೆಗೆಯುವ ಎಷ್ಟೋ ಸಾಫ್ಟ್‌ವೇರಿಗೆ ಮೊದಲು ಗದ್ದಲದ ಒಂದು ಮಾದರಿ ತೋರಿಸಬೇಕು. ಹಾಡು ಶುರುವಾಗುವ ಮುಂಚಿನ ಎರಡು ಸೆಕೆಂಡನ್ನು ಸಾಮಾನ್ಯವಾಗಿ ತೋರಿಸುತ್ತಾರೆ. ನಮ್ಮ ಕಛೇರಿಯಲ್ಲಿ ಆ ಎರಡು ಸೆಕೆಂಡು ಏನಿರುತ್ತೆ ಹೇಳಿ? ತಂಬೂರಿ! ಒಂದೇ ಸಮನೆ ಮೊರೆಯುವ ಸದ್ದು, ಯಂತ್ರದ ಕಣ್ಣಿಗೆ ಫ್ಯಾನಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಕಸ ಗುಡಿಸುತ್ತಾ ತಂಬೂರಿಯನ್ನೇ ಗುಡಿಸಿ ಹಾಕುತ್ತೆ. ತಂಬೂರಿ ತಂತಿಯ ಝೇಂಕಾರ, ಅಂದರೆ ಜವಾರಿಯ ಮಿನುಗು, ಪಿಟೀಲಿನ ಕಮಾನಿನ ಉಸಿರು, ಮೃದಂಗದ ಚಾಪು ಪೆಟ್ಟಿನ ಅಂಚು ಎಲ್ಲ ಅದರ ಹಿಂದೆಯೇ ಹೊರಟವು. ಉಳಿದದ್ದು ಬಾವಿಯೊಳಗಿಂದ ಬಂದ ಹಾಗಿರುವ ಒಂದು ದನಿ. ಅದಕ್ಕೆ 'ಸ್ಫಟಿಕದಷ್ಟು ಶುದ್ಧ' ಎಂಬ ಒಕ್ಕಣೆ. ಕರಕರ ಅನ್ನುವ ಮೂಲವೇ ಸಾವಿರ ಪಾಲು ವಾಸಿ. ಅದನ್ನು ತೊಳೆಯದೆ ಕಳಿಸಿ ಮಹರಾಯರೇ.

ತನಿ ಆವರ್ತನ, ಅಂದರೆ ಮೃದಂಗ ಘಟದವರು ತಾವೇ ನುಡಿಸುವ ಭಾಗ, ಶುರುವಾಯಿತೋ, ಕತ್ತರಿ. ಸಭೆಯಲ್ಲಿ ಕಾಫಿಗೆ ಏಳುವ ಚಾಳಿ ಈಗ ಫೋನಿಗೂ ಹತ್ತಿದೆ.

1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದರು. ಸಿಗುತ್ತಿದ್ದದ್ದು ಹೆಚ್ಚೆಂದರೆ ಮೂರು ನಿಮಿಷ. ಆ ಮೂರು ನಿಮಿಷದಲ್ಲೇ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳಿದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಲೇಬಲ್ ಮೇಲೆ ಏನು ಬರೆಯಬೇಕೆಂದು ತಿಳಿಯಬೇಕಲ್ಲ. ಅಂದರೆ ಮೂರು ನಿಮಿಷದ ಮೇಣದಲ್ಲಿ ಹೆಸರಿಗೆ ಜಾಗವಿತ್ತು. ನಮ್ಮ ಫೋನಿನಲ್ಲಿ 128 ಜಿಬಿ ಇದೆ, ಮೃದಂಗದವರ ಹೆಸರಿಗೆ ಜಾಗವಿಲ್ಲ. ಬಿಪಿ, ಶುಗರ್, ಬ್ರಹ್ಮಾಂಡ ಎಲ್ಲದಕ್ಕೂ ಜಾಗವಿದೆ.

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಮೂರು ಗಂಟೆ ಕೂತು ಬೆರಳು ಸವೆಸಿದ ಮನುಷ್ಯನನ್ನು ಅಳಿಸಿ ಹಾಕಿ, ಅವನ ನುಡಿಸಾಣಿಕೆಯನ್ನು ಔಷಧಿ ಅಂತ ಹಂಚುತ್ತಿದ್ದೇವೆ. ಹಾಡಿದವರು, ಪಿಟೀಲು, ಮೃದಂಗ, ಘಟ, ರಾಗ, ತಾಳ, ಊರು, ವರ್ಷ. ಎಂಟು ಪದ. ಗೊತ್ತಿಲ್ಲದ ಕಡೆ 'ಗೊತ್ತಿಲ್ಲ' ಅಂತ ಬರೆಯಿರಿ, ಗೊತ್ತಿದ್ದವರು ತುಂಬುತ್ತಾರೆ. ಇಷ್ಟಕ್ಕೂ ಪುರುಸೊತ್ತಿಲ್ಲವೆಂದರೆ ಕಳಿಸಬೇಡಿ.

ಗುಂಪಿನಲ್ಲಿ ಯಾರೋ ಪಾಪದವರು 'ಮೃದಂಗ ಯಾರದು?' ಅಂತ ಕೇಳಿದ್ದಾರೆ. ಉತ್ತರವಾಗಿ ಹದಿನಾಲ್ಕು ಕೈಮುಗಿದ ಗುರುತು, ಒಂದು 'ದೈವಿಕ'. ಆಮೇಲೆ ಅದೇ ಫೈಲು ಇನ್ನೊಮ್ಮೆ, ಈ ಸಲ ಭೈರವಿ ಅಂತ.