ಪುಟ್ಟಿಯಲ್ಲಿ ಎಲ್ಲಾ ಮುಚ್ಚಿಹೋಗುತ್ತಂತೆ!

ತಂಗಿ ಕಟ್ಟಿಸುತ್ತಿರುವ ಮನೆ ನೋಡಿಕೊಂಡು ಈಗಷ್ಟೇ ಬಂದೆ. ತಲೆ ಕೆಟ್ಟಿದೆ. ಯಾರಿಗಾದರೂ ಬೈಯಲೇಬೇಕು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಳಗಿನ ಗೋಡೆಗಳಿಗೆ ಪ್ಲಾಸ್ಟರಿಂಗ್ ನಡೆಯುತ್ತಿತ್ತು. ಆಗಷ್ಟೇ ಬಳಿದ ಹಸಿ ಗೋಡೆ. ಒಬ್ಬ ಹುಡುಗ ಬಾಂಡ್ಲಿ ತುಂಬ ಒಣ ಸಿಮೆಂಟ್ ಹಿಡಿದು ಮುಷ್ಟಿಗಟ್ಟಲೆ ಗೋಡೆಗೆ ಎರಚುತ್ತಿದ್ದ. ಹಿಂದೆಯೇ ಮೇಸ್ತ್ರಿ ಕರಣೆಯಲ್ಲಿ ತೀಡುತ್ತಿದ್ದರು. ನೋಡೋಕೆ ಏನು ನುಣುಪು ಅಂತೀರಿ! ಒಣ ಸಿಮೆಂಟ್ ನೀರು ಹೀರಿಕೊಂಡರೆ ಗೋಡೆ ಬೇಗ ಬಿಗಿಯಾಗುತ್ತೆ, ಸಂಜೆಯೊಳಗೆ ಇನ್ನೊಂದು ರೂಮು ಮುಗಿಸಬಹುದು. ಗುಟ್ಟು ಇಷ್ಟೇ. ಆದರೆ ಮೇಲಿನ ಪದರದಲ್ಲಿ ಸಿಮೆಂಟ್ ಜಾಸ್ತಿಯಾದರೆ ಅದು ಒಣಗುವಾಗ ಒಳಗಿನದಕ್ಕಿಂತ ಹೆಚ್ಚು ಕುಗ್ಗುತ್ತೆ. ಆಮೇಲೆ ಗೋಡೆ ತುಂಬ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಬಿರುಕು.

ಕೇಳಿದೆ. "ಮೇಡಂ, ಪುಟ್ಟಿಯಲ್ಲಿ ಎಲ್ಲಾ ಮುಚ್ಚಿಹೋಗುತ್ತೆ. ನೀವು ಬಣ್ಣ ಯಾವುದು ಅಂತ ನೋಡ್ಕೊಳ್ಳಿ" ಅಂದರು. ಪುಟ್ಟಿ ಅಂದರೆ ಬಣ್ಣ ಹೊಡೆಯುವ ಮೊದಲು ಗೋಡೆ ನುಣುಪಾಗಲಿ ಅಂತ ಬಳಿಯುವ ತೆಳು ಲೇಪ.

ಬಣ್ಣ! ಅಪ್ಪನ ಹಿಂದೆ ಸೈಟಿನಲ್ಲೇ ಬೆಳೆದವಳು ನಾನು ಅಂತ ನಿಮಗೆಲ್ಲ ಗೊತ್ತು. ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ.

ಪಕ್ಕದ ರೂಮಿಗೆ ಹೋದೆ. ಕಾಂಕ್ರೀಟ್ ಬೀಮ್ ಮತ್ತು ಇಟ್ಟಿಗೆ ಸೇರುವ ಕಡೆ ಜಾಲರಿ ಹೊಡೆದಿಲ್ಲ. ಎರಡೂ ಬಿಸಿಲಿಗೆ, ತೇವಕ್ಕೆ ಬೇರೆ ಬೇರೆ ಥರ ಹಿಗ್ಗಿ ಕುಗ್ಗುತ್ತವೆ, ಅಲ್ಲಿ ಉದ್ದಕ್ಕೆ ಸೀಳು ಬರದೇ ಇರುತ್ತಾ? ಪುಟ್ಟಿಯಲ್ಲಿ ಮುಚ್ಚಿಹೋಗುತ್ತೆ. ಇಟ್ಟಿಗೆಗೆ ಮೊದಲು ನೀರು ಹೊಡೆದಿಲ್ಲ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತೆ, ಸಿಮೆಂಟ್ ಗಟ್ಟಿಯಾಗೋಕೆ ನೀರೇ ಉಳಿಯಲ್ಲ. ನಾಳೆ ಮೊಳೆ ಹೊಡೆದರೆ ಪುಸಪುಸ ಮರಳು ಉದುರುತ್ತೆ. ಅದೂ ಪುಟ್ಟಿಯಲ್ಲೇ ಮುಚ್ಚಿಹೋಗುತ್ತೆ! ಕಲಸಿದ ಗಾರೆಯನ್ನು 30 ನಿಮಿಷದಲ್ಲಿ ಬಳಸಿ ಮುಗಿಸಬೇಕು. ಇಲ್ಲಿ ಊಟಕ್ಕೆ ಹೋಗಿ ಬಂದು, ಬಿಗಿದ ಗುಡ್ಡೆಗೆ ಇನ್ನೊಂದು ಬಕೆಟ್ ನೀರು ಸುರಿದು ಮತ್ತೆ ಕಲಸುತ್ತಾರೆ.

ಒಳಗೋಡೆಗೆ ಗಾರೆ ಸುಮಾರು 12 ಮಿಲಿಮೀಟರ್ ದಪ್ಪ. ಪುಟ್ಟಿ ಹೆಚ್ಚೆಂದರೆ ಎರಡು ಮೂರು ಮಿಲಿಮೀಟರ್. ಆ ಪಾಪದ ಪುಟ್ಟಿ ಏನೇನು ಅಂತ ಮುಚ್ಚಬೇಕು ಹೇಳಿ!

"ಅವರಿಗೂ ಅಡಿ ಲೆಕ್ಕದ ಕೂಲಿ ಅಲ್ವಾ, ಬೇಗ ಮುಗಿಸದಿದ್ದರೆ ಗಿಟ್ಟುತ್ತಾ?" ಅಂತ ಕೆಲವರು ಕೇಳ್ತೀರಿ. ಸರಿ, ಕೂಲಿ ಜಾಸ್ತಿ ಕೊಡೋಣ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಮ್ಮಿ ಕೂಲಿಗೂ ಎರಚೋ ಸಿಮೆಂಟಿಗೂ ಏನು ಸಂಬಂಧ? ಆ ಸಿಮೆಂಟಿಗೆ ದುಡ್ಡು ಕೊಟ್ಟವಳು ನನ್ನ ತಂಗಿ! ಇನ್ನು ಸಿಮೆಂಟ್ ಗಾರೆ ಬದಲು ಜಿಪ್ಸಂ ಪ್ಲಾಸ್ಟರ್ ಹಾಕಿಸಿ ಅನ್ನುವವರಿಗೆ: ಹೌದು, ಅದಕ್ಕೆ ನೀರು ಹಾಕಿ ಕ್ಯೂರಿಂಗ್ ಮಾಡಬೇಕಿಲ್ಲ. ಹಾಗಂತ ಬಚ್ಚಲುಮನೆ ಗೋಡೆಗೂ ಬಳಿಸ್ತೀರಾ? ತೇವ ಅದಕ್ಕೆ ಆಗಿಬರಲ್ಲ.

ಇಷ್ಟೆಲ್ಲ ಕೂಗಾಡಿದರೂ ಒಂದು ಮಾತು ಒಪ್ಪಲೇಬೇಕು. ಆ ಮೇಸ್ತ್ರಿಯ ಕೈ ನೋಡಿ ಹೊಟ್ಟೆ ಉರಿಯಿತು. ದಾರ ಕಟ್ಟಿ, ತೂಗುಗುಂಡು ಬಿಟ್ಟು, ಮಟ್ಟಗೋಲನ್ನು ಒಂದೇ ಎಳೆತಕ್ಕೆ ಎಳೆದರೆ ಗೋಡೆ ನೆಟ್ಟಗೆ ನಿಲ್ಲುತ್ತೆ. ಇಷ್ಟು ಬರುವವರಿಗೆ ಬಕೆಟ್ ನೀರು ಹೊಡೆಯೋದು ಯಾಕೆ ಬೇಜಾರು?

ತಂಗಿ ಮಾತ್ರ "ಸುಮ್ನಿರೇ ಅಕ್ಕ, ಕೆಲಸ ಬಿಟ್ಟು ಹೋದರೆ ಯಾರನ್ನ ಹುಡುಕಲಿ?" ಅಂತ ನನ್ನ ಬಾಯಿ ಮುಚ್ಚಿಸಿದಳು. ಅವಳ ಭಯವೂ ಸುಳ್ಳಲ್ಲ ಬಿಡಿ.

ಈಗ ಗಾರೆ ಹಾಕಿಸುತ್ತಿರುವವರು ಮಾರನೇ ದಿನದಿಂದ ಕನಿಷ್ಠ 7 ದಿನ ಗೋಡೆಗೆ ನೀವೇ ನೀರು ಹೊಡೆಯಿರಿ. ಮೇಸ್ತ್ರಿಯನ್ನು ಕಾಯಬೇಡಿ. ಪುಟ್ಟಿಯವರು ಬರುವ ಮೊದಲು ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋಗಿ. ಡಬ್ ಡಬ್ ಅಂತ ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಷ್ಟನ್ನೂ ಕೀಳಿಸಿ ಹೊಸದಾಗಿ ಬಳಿಸಿ. ಕೊನೆಯ ಕಂತಿನ ಹಣ ಆಮೇಲೆ ಕೊಟ್ಟರಾಯಿತು.