ದೊಡ್ಡಿಗೆ ಕಟ್ಟಿದ ಹಡಗು

2025ರ ಜುಲೈ ತಿಂಗಳ ಒಂದು ಮಧ್ಯಾಹ್ನ ಕೊಚ್ಚಿಯ ಕಚೇರಿಯಲ್ಲಿ ಊಟಕ್ಕೆ ಕುಳಿತಿದ್ದಾಗ ಮಲಯಾಳಿ ಸಹೋದ್ಯೋಗಿಯೊಬ್ಬರು, ‘ನಿಮ್ಮ ಉಳ್ಳಾಲದ ಬಳಿಯೂ ಒಂದು ಹಡಗು ಮುಳುಗಿತ್ತಲ್ಲವೇ, ಮಾಲೀಕರಿಂದ ಎಷ್ಟು ವಸೂಲಾಯಿತು?’ ಎಂದು ಕೇಳಿದರು. ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ಚುಚ್ಚಿತು, ಏಕೆಂದರೆ ನನ್ನಲ್ಲಿ ಉತ್ತರವಿರಲಿಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಉಚ್ಚಿಲದ ಬಳಿ ಪ್ರಿನ್ಸೆಸ್ ಮಿರಾಲ್ ಎಂಬ ಆ ಹಡಗು ಮುಳುಗಿದಾಗ ನಾನು ರಜೆಯಲ್ಲಿ ಊರಿನಲ್ಲೇ ಇದ್ದೆ. ಸಿರಿಯಾದ ಹದಿನೈದು ನಾವಿಕರು ಬದುಕಿದರೆಂದು ಎಲ್ಲರೂ ನಿಟ್ಟುಸಿರು ಬಿಟ್ಟರು, ಎಣ್ಣೆ ಸೋರೀತೆಂದು ಹೆದರಿದರು. ಹಡಗಿನ ಯಜಮಾನ ಯಾರು, ಅವನನ್ನು ಹಿಡಿಯುವುದು ಹೇಗೆ ಎಂದು ಯಾರೂ ಕೇಳಿದ ನೆನಪಿಲ್ಲ. ನಾನೂ ಕೇಳಲಿಲ್ಲ.

ಇಲ್ಲಿ ಕೊಚ್ಚಿಯಲ್ಲಿ ಆ ಪ್ರಶ್ನೆಯನ್ನು ಮೀನು ಮಾರುವ ಚೇಚಿಯೂ (ಅಕ್ಕನೂ) ಕೇಳುತ್ತಿದ್ದರು. ಜಗತ್ತಿನ ಅತಿ ದೊಡ್ಡ ಕಂಟೇನರ್ ಸಾಗಣೆ ಸಂಸ್ಥೆಯಾದ ಎಂಎಸ್‌ಸಿಯ ಎಲ್ಸಾ 3 ಎಂಬ ಹಡಗು ಆ ವರ್ಷದ ಮೇ 25ರಂದು ಕೇರಳದ ಕಡಲಿನಲ್ಲಿ 643 ಕಂಟೇನರ್‌ಗಳ ಸಮೇತ ಮುಳುಗಿತು. ಕೆಲವು ದಿನಗಳಲ್ಲಿ ರಾಜ್ಯದ ದಕ್ಷಿಣದ ದಡಗಳಿಗೆ ಸಾಬಕ್ಕಿಯಂಥ ಪ್ಲಾಸ್ಟಿಕ್ ಕಾಳುಗಳು ಬಂದು ಬಿದ್ದವು, ಮತ್ತಿ ಮೀನು ಕೊಳ್ಳಲು ಜನ ಹಿಂಜರಿದರು. ಕೇರಳ ಸರ್ಕಾರ ಅದನ್ನು ರಾಜ್ಯದ ವಿಪತ್ತೆಂದು ಘೋಷಿಸಿ, 9,531 ಕೋಟಿ ರೂಪಾಯಿ ಪರಿಹಾರ ಕೋರಿ ಹೈಕೋರ್ಟಿಗೆ ಹೋಯಿತು. ನನ್ನನ್ನು ಬೆರಗುಗೊಳಿಸಿದ್ದು ಆ ಮೊತ್ತವಲ್ಲ, ನ್ಯಾಯಾಲಯ ಹಿಡಿದ ದಾರಿ. ಮುಳುಗಿದ್ದು ಎಲ್ಸಾ 3, ಬಂಧನಕ್ಕೊಳಗಾದದ್ದು ಕೇರಳದ ವಿಳಿಂಞಂ ಬಂದರಿಗೆ ಬಂದಿದ್ದ ಎಂಎಸ್‌ಸಿಯದೇ ಇನ್ನೊಂದು ಹಡಗು, ಅಕಿಟೆಟಾ 2. ಹೊಲ ಮೇಯ್ದ ದನ ಕೈಗೆ ಸಿಗದಿದ್ದರೆ ಅದೇ ಹಟ್ಟಿಯ ಇನ್ನೊಂದನ್ನು ಹೊಡೆದು ತಂದು ದೊಡ್ಡಿಗೆ ಕಟ್ಟಿದಂತೆ! ಹಡಗೊಂದಕ್ಕೆ ಒಂದು ಕಂಪನಿ, ಬಾವುಟ ಇನ್ನಾವುದೋ ದೇಶದ್ದು (ಎಲ್ಸಾದ್ದು ಲೈಬೀರಿಯಾದ್ದು) ಎಂಬಂತೆ ನಡೆಯುವ ಈ ವ್ಯವಹಾರದಲ್ಲಿ ಮಾಲೀಕನನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಅವನ ಸೊತ್ತು ತಾನಾಗಿ ಬಂದು ನಿಂತಾಗ ಹಗ್ಗ ಹಾಕುವುದೇ ಸುಲಭ.

ಅಂದು ಮನೆಗೆ ಬಂದು 2017ರ ನೌಕಾ ವ್ಯಾಜ್ಯಗಳ ಕಾಯ್ದೆಯನ್ನು ತೆರೆದೆ. ಹಡಗು ಬಂಧಿಸಬಲ್ಲ ಹೈಕೋರ್ಟುಗಳ ಪಟ್ಟಿಯಲ್ಲಿ ಕೇರಳದ ಜೊತೆಗೇ ಕರ್ನಾಟಕವೂ ಇದೆ. 2006ರಲ್ಲಿ ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಬಂಡೆಗಳಿಗೆ ಬಡಿದು ಎಣ್ಣೆ ಚೆಲ್ಲಿದಾಗ ಈ ಕಾಯ್ದೆ ಇರಲಿಲ್ಲ. ಮಿರಾಲ್ ಮುಳುಗುವ ಹೊತ್ತಿಗೆ ಅದು ಜಾರಿಗೆ ಬಂದು ನಾಲ್ಕು ವರ್ಷ ದಾಟಿತ್ತು. ಹಗ್ಗ ನಮ್ಮ ಮನೆಯ ಗೂಟದಲ್ಲೂ ನೇತಾಡುತ್ತಿತ್ತು, ಊರಿನ ಮಾತಿನಲ್ಲಿ ಮಾತ್ರ ಅದರ ಸುಳಿವಿರಲಿಲ್ಲ.

ಒಪ್ಪಿಕೊಳ್ಳಬೇಕಾದ ಮಾತುಗಳೂ ಇವೆ. ಎಂಎಸ್‌ಸಿಯ ಹಡಗುಗಳು ವಿಳಿಂಞಂಗೆ ಬರುತ್ತಲೇ ಇರುವುದರಿಂದ ಇಲ್ಲಿ ಹಿಡಿಯಲು ಏನಾದರೂ ಸಿಕ್ಕಿತು. ಒಂದೇ ಹಳೆಯ ಹಡಗಿನ ಯಜಮಾನನಾದರೆ ದೊಡ್ಡಿಗೆ ಕಟ್ಟುವುದಾದರೂ ಯಾವುದನ್ನು? ಎಲ್ಸಾ ಮುಳುಗಿ ಎರಡು ವಾರಕ್ಕೆ ಅದೇ ಕಂಪನಿಯ ದೈತ್ಯ ಹಡಗು ಐರಿನಾವನ್ನು ಇದೇ ಕೇರಳ ಸಂಭ್ರಮದಿಂದ ಬರಮಾಡಿಕೊಂಡಿತು. ನ್ಯಾಯಾಲಯವೂ ಮುಂದೆ, ಹಡಗು ಬಿಡಿಸಿಕೊಳ್ಳಲು ಕಂಪನಿ ಒದಗಿಸಬೇಕಾದ ಭದ್ರತೆಯ ಮೊತ್ತವನ್ನು ಸುಮಾರು 1,227 ಕೋಟಿಗೆ ಇಳಿಸಿತು, ಮತ್ತು ಭದ್ರತೆಯೆಂದರೆ ಪರಿಹಾರವಲ್ಲ. ಬಾಧಿತ ಮೀನುಗಾರರ ಕುಟುಂಬಗಳಿಗೆ ಸರ್ಕಾರ ಆಗ ಘೋಷಿಸಿದ್ದು ಸಾವಿರ ರೂಪಾಯಿ, ಆರು ಕಿಲೋ ಅಕ್ಕಿ. ಆ ಅಕ್ಕಿ ಎಷ್ಟು ದಿನ ಬಂದೀತೆಂದು ಹೇಳಿ ನಕ್ಕ ಚೇಚಿ, ಬಂಗುಡೆಯನ್ನು ಕಾಗದದಲ್ಲಿ ಸುತ್ತುತ್ತ, ಹಡಗಿನವರ ಹಣ ಯಾವಾಗ ಬರುತ್ತದೆ ಸಾರ್ ಎಂದು ನನ್ನನ್ನೇ ಕೇಳಿದರು.